ವಸಾಹತು ಕಾಲದ ಅಮೆರಿಕದ ನಕ್ಷೆಗಳು ಮನೆಗೆ ಬಂದಿವೆ: ಉಳಿಸುವುದು ಹೇಗೆ, ಸ್ಕ್ಯಾನ್ ಮಾಡುವುದು ಹೇಗೆ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಹೋದ ವರ್ಷ ಪಕ್ಕದ ಊರಿನ ಹಳೇ ಮನೆಯೊಂದರ ಎಸ್ಟೇಟ್ ಸೇಲ್‌ನಲ್ಲಿ (ಮನೆಯ ಸಾಮಾನನ್ನೆಲ್ಲ ಮಾರುವ ಮಾರಾಟ) ದೊಡ್ಡ ಫೋಲ್ಡರ್ ಒಂದನ್ನು ಕೊಂಡೆವು. ಒಳಗೆ ಮೂರು ನಕ್ಷೆಗಳಿದ್ದವು. ಒಂದು, ಲ್ಯಾಟಿನ್ ಶೀರ್ಷಿಕೆಯ ವರ್ಜೀನಿಯಾ, ಮೇರಿಲ್ಯಾಂಡ್, ಕೆರೊಲಿನಾ ನಕ್ಷೆ. ಹೋಮನ್ ಎಂಬ ಹೆಸರಿದೆ, ಕೈಯಿಂದ ಬಣ್ಣ ಹಾಕಿದ್ದಾರೆ. ಹಸಿರು ಇದ್ದ ಕಡೆಯೆಲ್ಲ ಕಂದಾಗಿ ಬಿರುಕು ಬಿಟ್ಟಿದೆ, ಹಾಳೆಯ ಬೆನ್ನಲ್ಲೂ ಅದೇ ಆಕಾರ ಮೂಡಿದೆ. ಇನ್ನೊಂದು, ಥಾಮಸ್ ಕಿಚಿನ್ ಹೆಸರಿನ ಸಣ್ಣ ವರ್ಜೀನಿಯಾ ನಕ್ಷೆ; ಮಡಿಕೆಯಲ್ಲಿ ಹರಿದದ್ದಕ್ಕೆ ಯಾರೋ ಹಿಂದಿನಿಂದ ಸೆಲ್ಲೋಟೇಪ್ ಹಚ್ಚಿದ್ದಾರೆ, ಅದು ಹಳದಿಯಾಗಿದೆ. ಮೂರನೆಯದು ಜಾನ್ ಮಿಚೆಲ್‌ನ 1755ರ ನಕ್ಷೆ, ಸುಮಾರು ಎರಡಡಿ ಅಗಲ. ಕಂದು ಬಣ್ಣದ ಗರಿಗರಿ ಕಾಗದ. ನೋಡಿದರೆ ಇದೇ ಎಲ್ಲಕ್ಕಿಂತ ಹಳೆಯದು ಅನ್ನಿಸುತ್ತದೆ. ಹಾಲ್‌ನಲ್ಲಿ ಫ್ರೇಮ್ ಹಾಕಿಸುವ ಆಸೆ. ಅಂಗಡಿಯವರು ಮೊದಲು ಲ್ಯಾಮಿನೇಟ್ ಮಾಡಿಸಿ ಅಂದರು. ಗೆಳೆಯರೊಬ್ಬರು, ದೊಡ್ಡ ರೋಲರ್ ಸ್ಕ್ಯಾನರ್‌ನಲ್ಲಿ ಸ್ಕ್ಯಾನ್ ಮಾಡಿಸಿಬಿಡಿ, ಆಮೇಲೆ ಕಾಗದ ಹೋದರೂ ಚಿಂತೆಯಿಲ್ಲ ಅನ್ನುತ್ತಾರೆ. ಧಾರವಾಡದಲ್ಲಿರುವ ಮಾವನವರು, ತಾಳೆಗರಿಗೆ ಹಚ್ಚುವಂತೆ ನಿಂಬೆಹುಲ್ಲಿನ ಎಣ್ಣೆ ಹಚ್ಚಿ, ಜೊತೆಗೆ ನುಸಿಗುಳಿಗೆ ಇಡಿ ಅಂದಿದ್ದಾರೆ. ಯಾರ ಮಾತು ಕೇಳೋಣ?

ಉತ್ತರ: ಮೂವರೂ ನಿಮ್ಮ ಒಳ್ಳೆಯದಕ್ಕೇ ಹೇಳಿದ್ದಾರೆ. ಆದರೆ ಸದ್ಯಕ್ಕೆ ಯಾರ ಮಾತನ್ನೂ ಕೇಳಬೇಡಿ.

ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಹೆಣೆದುಕೊಂಡಿವೆ. ಕಾಗದ ಉಳಿಯುವುದು ಹೇಗೆ ಎಂಬುದು ಒಂದು, ಅದರ ಮೇಲಿರುವುದನ್ನು ಡಿಜಿಟಲ್‌ಗೆ ತರುವುದು ಹೇಗೆ ಎಂಬುದು ಇನ್ನೊಂದು. ಇವು ಬೇರೆ ಬೇರೆ ಕೆಲಸಗಳು. ಸ್ಕ್ಯಾನ್ ಮಾಡಿದ ಮಾತ್ರಕ್ಕೆ ಕಾಗದ ಉಳಿದಂತಲ್ಲ, ಕಾಗದವನ್ನು ಡ್ರಾಯರಿನಲ್ಲಿಟ್ಟ ಮಾತ್ರಕ್ಕೆ ಅದು ಯಾರ ಉಪಯೋಗಕ್ಕೂ ಬಂದಂತಲ್ಲ. ಕೆಲಸದ ಅನುಭವದಿಂದ ಇನ್ನೊಂದು ಮಾತು ಹೇಳಬೇಕು. ರಿಪೇರಿಗೆಂದು ನನ್ನ ಮೇಜಿಗೆ ಬರುವ ಹದಿನೆಂಟನೇ ಶತಮಾನದ ನಕ್ಷೆಗಳಲ್ಲಿ ಕಾಣುವ ಹಾನಿಯ ಬಹುಪಾಲು ಇತ್ತೀಚಿನದು. ಹಿಂದಿನ ಒಂದೆರಡು ತಲೆಮಾರಿನಲ್ಲಿ ಯಾರೋ ನಕ್ಷೆಗೆ ಉಪಕಾರ ಮಾಡಲು ಹೋಗಿ ಆದದ್ದು.

ಮೊದಲು ಮೂರನೆಯ ನಕ್ಷೆಯನ್ನು ಮುಗಿಸೋಣ, ಅದು ಸುಲಭ. ನೀವು ಅತಿ ಹಳೆಯದು ಅಂದುಕೊಂಡದ್ದು ಬಹುಶಃ ಮೂರರಲ್ಲಿ ಅತಿ ಹೊಸದು. ಮಿಚೆಲ್‌ನ ನಕ್ಷೆಯನ್ನು ಲಂಡನ್ನಿನಲ್ಲಿ ಎಂಟು ಹಾಳೆಗಳಲ್ಲಿ ಅಚ್ಚು ಹಾಕಿದ್ದರು. ಎಲ್ಲವನ್ನೂ ಜೋಡಿಸಿದರೆ ಸುಮಾರು ನಾಲ್ಕೂವರೆ ಅಡಿ ಎತ್ತರ, ಆರೂವರೆ ಅಡಿ ಅಗಲ. ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆಗಿದ್ದ ಮಿಚೆಲ್‌ನ ಹೆಸರು ಉಳಿದದ್ದು ಈ ಒಂದು ನಕ್ಷೆಯಿಂದ. ಅಮೆರಿಕ ಸ್ವತಂತ್ರವಾದಾಗ, 1782–83ರ ಪ್ಯಾರಿಸ್ ಮಾತುಕತೆಗಳಲ್ಲಿ ಗಡಿ ಗುರುತಿಸಲು ಮೇಜಿನ ಮೇಲೆ ಹರಡಿದ್ದು ಇದನ್ನೇ. ಹಾಗಾಗಿ ಇದರ ಸ್ಮರಣಿಕೆ ಪ್ರತಿಗಳು, ಅದರಲ್ಲೂ ಚರ್ಮಕಾಗದದಂತೆ ಕಾಣಲೆಂದು ಕಂದು ಹತ್ತಿಸಿ ಸುಕ್ಕುಗಟ್ಟಿಸಿದ ಪ್ರತಿಗಳು, ಧಾರಾಳವಾಗಿ ಓಡಾಡುತ್ತಿವೆ. ಒಂದು ಭೂತಗನ್ನಡಿ ತೆಗೆದುಕೊಂಡು ನೋಡಿ. ತಾಮ್ರದ ತಗಡಿನಲ್ಲಿ ಕೆತ್ತಿ ಅಚ್ಚು ಹಾಕಿದ ಗೆರೆ ಕಡಿಯದೆ ಹರಿಯುತ್ತದೆ, ಶಾಯಿ ಕಾಗದದಿಂದ ಕೂದಲೆಳೆಯಷ್ಟು ಮೇಲೆದ್ದಿರುತ್ತದೆ. ಆಫ್‌ಸೆಟ್ ಮುದ್ರಣವಾದರೆ ಬಣ್ಣಬಣ್ಣದ ಚುಕ್ಕಿಗಳ ಜಾಲ ಕಾಣುತ್ತದೆ. ಚುಕ್ಕಿ ಕಂಡರೆ ಆ ನಕ್ಷೆಯನ್ನು ನಿಶ್ಚಿಂತೆಯಿಂದ ಗೋಡೆಗೆ ಹಾಕಿ.

'ಕಂದಾಗಿ ಗರಿಗರಿಯಾಗಿದ್ದರೆ ಹಳೆಯದು' ಎಂಬ ನಂಬಿಕೆ ನಮಗೆ ಬಂದದ್ದು ಹಳೇ ದಿನಪತ್ರಿಕೆಗಳಿಂದ. ಹತ್ತೊಂಬತ್ತನೇ ಶತಮಾನದ ನಡುವಿನಿಂದ ಮರದ ತಿರುಳಿನ ಕಾಗದ ಬಂತು. ಅದರಲ್ಲಿರುವ ಆಮ್ಲವೇ ಅದನ್ನು ಸುಟ್ಟ ಹಪ್ಪಳದಂತೆ ಮಾಡುತ್ತದೆ. ಅದಕ್ಕೂ ಹಿಂದಿನ ಯೂರೋಪಿನ ಕಾಗದವನ್ನು ನಾರುಬಟ್ಟೆ, ಹತ್ತಿಬಟ್ಟೆಯ ಚಿಂದಿಯಿಂದ ಮಾಡುತ್ತಿದ್ದರು. ನಾರುಗಳು ಉದ್ದ, ಆಮ್ಲ ಕಡಿಮೆ. ಒಳ್ಳೆಯ ಸ್ಥಿತಿಯಲ್ಲಿರುವ 1700ರ ಆಸುಪಾಸಿನ ಹಾಳೆ ಇವತ್ತಿಗೂ ಕೆನೆಬಣ್ಣದಲ್ಲಿ, ಬಟ್ಟೆಯಂತೆ ಮೆತ್ತಗೆ ಇರುತ್ತದೆ. ಬೆಳಕಿಗೆ ಹಿಡಿದರೆ ಅಚ್ಚಿನ ತಂತಿಗಳ ಗೆರೆಗಳು, ಅದೃಷ್ಟವಿದ್ದರೆ ವಾಟರ್‌ಮಾರ್ಕ್ ಕೂಡ ಕಾಣುತ್ತದೆ. ನಿಮ್ಮ ಉಳಿದೆರಡು ನಕ್ಷೆಗಳಲ್ಲಿ ಇದನ್ನು ಪರೀಕ್ಷಿಸಿ. ಆದರೆ ಹೋಮನ್ ನಕ್ಷೆಯನ್ನು ಎತ್ತಿ ಹಿಡಿಯಬೇಡಿ. ಕಾರಣ ಹೇಳುತ್ತೇನೆ.

ಯೋಹಾನ್ ಬ್ಯಾಪ್ಟಿಸ್ಟ್ ಹೋಮನ್ ಜರ್ಮನಿಯ ನ್ಯೂರೆಂಬರ್ಗಿನವನು. 1715ರಲ್ಲಿ ಸಾಮ್ರಾಟನ ಭೂಗೋಳಜ್ಞನೆಂಬ ಪದವಿ ಪಡೆದ, 1724ರಲ್ಲಿ ತೀರಿಕೊಂಡ. ನಿಮ್ಮ ನಕ್ಷೆ ಮೊದಲು ಹೊರಬಂದದ್ದು 1714ರ ಸುಮಾರಿಗೆ. ಅದೇ ತಗಡಿನಿಂದ ಮುಂದೆಯೂ ಎಷ್ಟೋ ವರ್ಷ ಅಚ್ಚು ತೆಗೆದರು. ಅಮೆರಿಕಕ್ಕೆ ಹೋಗಲು ಹವಣಿಸುತ್ತಿದ್ದ ಜರ್ಮನರು ಇಂಥ ನಕ್ಷೆಗಳನ್ನು ನೋಡಿಯೇ ಕನಸು ಕಟ್ಟಿದ್ದು. ಕೆರೊಲಿನಾದ ಒಳನಾಡಿನಲ್ಲಿ ಇಲ್ಲದ ದೊಡ್ಡ ಸರೋವರವೊಂದನ್ನು ಅದು ತೋರಿಸುತ್ತದೆ, ನಿಮ್ಮ ಪ್ರತಿಯಲ್ಲಿ ಹುಡುಕಿ ನೋಡಿ. ಹೋಮನ್ ಅಂಗಡಿಯ ರೂಢಿಯೊಂದು ನಿಮಗೆ ಉಪಯೋಗಕ್ಕೆ ಬರುತ್ತದೆ: ಪ್ರಾಂತ್ಯಗಳಿಗೆ ದಟ್ಟ ಬಣ್ಣ ತುಂಬಿ, ಶೀರ್ಷಿಕೆಯ ಸುತ್ತಲಿನ ಚಿತ್ರಾಲಂಕಾರವನ್ನು ಸಾಮಾನ್ಯವಾಗಿ ಬಣ್ಣವಿಲ್ಲದೆ ಬಿಡುತ್ತಿದ್ದರು. ಅಲಂಕಾರಕ್ಕೂ ಢಾಳಾದ ಬಣ್ಣವಿದ್ದರೆ, ಮಾರಾಟಕ್ಕೆಂದು ಆಮೇಲೆ ಯಾರೋ ಬಳಿದಿರಬಹುದು ಎಂದು ಅನುಮಾನಿಸಬೇಕು. ಆದರೆ ನಿಮ್ಮ ನಕ್ಷೆಯ ಹಸಿರು ಬೆನ್ನಿನವರೆಗೂ ಇಳಿದಿರುವುದರಿಂದ, ಆ ಬಣ್ಣವಾದರೂ ಹಳೆಯದೇ ಇರಬೇಕು.

ಆ ಹಸಿರು ತಾಮ್ರದ ಕಿಲುಬು. ತಾಮ್ರಕ್ಕೆ ವಿನೆಗರಿನ ಆವಿ ಹಿಡಿಸಿ, ಕೂತ ಕಿಲುಬನ್ನು ಕೆರೆದು ಅಂಟಿನಲ್ಲಿ ಕಲಸುತ್ತಿದ್ದರು. ಕಾಗದದ ಜೀವಾಳವಾದ ಸೆಲ್ಯುಲೋಸ್ ಗಾಳಿಯಲ್ಲಿರುವ ಆಮ್ಲಜನಕದಿಂದ ನಿಧಾನವಾಗಿ ಕೆಡುವುದು ಸಹಜ. ತಾಮ್ರದ ಅಯಾನುಗಳು ಆ ಕ್ರಿಯೆಯ ವೇಗ ಹೆಚ್ಚಿಸುತ್ತವೆ, ತೇವ ಸೇರಿದರೆ ಇನ್ನೂ ಹೆಚ್ಚು. ಹಾಗಾಗಿ ಕಾಗದ ಮೊದಲು ಕಂದಾಗುತ್ತದೆ, ಆಮೇಲೆ ಬಿರುಕು ಬಿಡುತ್ತದೆ, ಕೊನೆಗೆ ಹಸಿರಿನ ಆಕಾರದಲ್ಲೇ ಕಳಚಿ ಬೀಳುತ್ತದೆ. ನಿಮ್ಮದು ಎರಡನೇ ಹಂತದಲ್ಲಿದೆ. ಒಂದು ಮೂಲೆ ಹಿಡಿದು ಎತ್ತಿದರೆ ಸಾಕು, ಮೂರನೇ ಹಂತಕ್ಕೆ ಹೋಗುತ್ತದೆ. ಅಡಿಯಲ್ಲಿ ದಪ್ಪ ರಟ್ಟು ತೂರಿಸಿ, ರಟ್ಟಿನ ಸಮೇತವೇ ಎತ್ತಿ.

ಇದಕ್ಕೆ ಮದ್ದೇನು ಎಂದರೆ, ಪೂರ್ತಿ ವಾಸಿ ಮಾಡುವ ಮದ್ದಿಲ್ಲ. ಹಳೇ ಕಾಗದವನ್ನು ನೀರಿನಲ್ಲಿ ತೊಳೆದು ಆಮ್ಲ ಕಳೆಯುವುದು ನಮ್ಮ ವೃತ್ತಿಯ ರೂಢಿ. ಆದರೆ ಇಲ್ಲಿ ನೀರು ತಾಮ್ರವನ್ನು ಪಕ್ಕದ ಚೆನ್ನಾಗಿರುವ ಭಾಗಕ್ಕೂ ಹರಡಬಹುದು, ಕೈಯಿಂದ ಹಾಕಿದ ಬಣ್ಣವೂ ಕರಗಬಹುದು. ಆದ್ದರಿಂದ ಬಿರುಕಿನ ಹಿಂದೆ ತೆಳು ಜಪಾನಿ ಕಾಗದವನ್ನು ಆದಷ್ಟು ಕಡಿಮೆ ತೇವದಲ್ಲಿ ಅಂಟಿಸಿ ಆಸರೆ ಕೊಡುವುದು, ಒಣ ವಾತಾವರಣದಲ್ಲಿ ಮಲಗಿಸಿ ಇಡುವುದು, ಇಷ್ಟಕ್ಕೆ ನಿಲ್ಲುವುದೇ ಹೆಚ್ಚು ಸಂದರ್ಭಗಳಲ್ಲಿ ಜಾಣತನ. ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಪಾರದರ್ಶಕ ಪಾಲಿಯೆಸ್ಟರ್ ಹಾಳೆಗಳ ನಡುವೆ ಇಟ್ಟು ಅಂಚು ಮುಚ್ಚುವ ಕ್ರಮವೊಂದಿದೆ. ಗಟ್ಟಿಯಾಗಿರುವ ನಕ್ಷೆಗಳಿಗೆ ಅದು ಚೆನ್ನ, ಬೇಕೆಂದಾಗ ಅಂಚು ಕತ್ತರಿಸಿ ಹೊರತೆಗೆಯಬಹುದು. ಆದರೆ ಪಾಲಿಯೆಸ್ಟರಿನ ಸ್ಥಾಯಿ ವಿದ್ಯುತ್ ಉದುರುವ ಬಣ್ಣವನ್ನು ಎಳೆದುಕೊಳ್ಳುತ್ತದೆ. ಹೋಮನ್ ನಕ್ಷೆಗೆ ಆಮ್ಲರಹಿತ ಕಾಗದದ ಫೋಲ್ಡರೇ ಸರಿ.

ಈಗ ಅಂಗಡಿಯವರು ಹೇಳಿದ ಲ್ಯಾಮಿನೇಷನ್. ಬಿಸಿ ಮಾಡಿ ಒತ್ತಿದ ಪ್ಲಾಸ್ಟಿಕ್ ಕಾಗದದ ನಾರಿನೊಳಗೇ ಅಂಟಿಕೊಳ್ಳುತ್ತದೆ. ಅದನ್ನು ಬಿಡಿಸುವಷ್ಟರಲ್ಲಿ ನಕ್ಷೆಯೂ ಹೋಗಿರುತ್ತದೆ. ಈ ತಪ್ಪನ್ನು ದೊಡ್ಡ ದೊಡ್ಡ ಸಂಸ್ಥೆಗಳೂ ಮಾಡಿವೆ. 1930ರ ದಶಕದಲ್ಲಿ ವರ್ಜೀನಿಯಾದ ವಿಲಿಯಂ ಬ್ಯಾರೋ ಎಂಬಾತ ಸೆಲ್ಯುಲೋಸ್ ಅಸಿಟೇಟ್ ಹಾಳೆಗಳ ನಡುವೆ ದಾಖಲೆಗಳನ್ನಿಟ್ಟು ಬಿಸಿಯಲ್ಲಿ ಒತ್ತುವ ಯಂತ್ರ ರೂಪಿಸಿದ. ಆ ಕಾಲಕ್ಕೆ ಅದೇ ಅತ್ಯುತ್ತಮ ವಿಜ್ಞಾನ. ವಸಾಹತು ಕಾಲದ ಲೆಕ್ಕವಿಲ್ಲದಷ್ಟು ಕಾಗದಪತ್ರಗಳು, ನಕ್ಷೆಗಳೂ ಸೇರಿ, ಅದರೊಳಗೆ ಹೋದವು. ವರ್ಷಗಳು ಕಳೆದಂತೆ ಅಸಿಟೇಟ್ ತಾನೇ ಕೆಟ್ಟು, ವಿನೆಗರ್ ವಾಸನೆ ಬಿಡುತ್ತ ಆಮ್ಲ ಸೂಸತೊಡಗಿತು. ಈಗ ನಮ್ಮ ವೃತ್ತಿಯವರು, ಅಂದರೆ ಹಳೇ ಕಾಗದದ ಸಂರಕ್ಷಕರು, ಒಂದೊಂದು ಹಾಳೆಯನ್ನೂ ಅಸಿಟೋನಿನಲ್ಲಿ ನೆನೆಸಿ ಬಿಡಿಸುತ್ತಿದ್ದಾರೆ. ಬ್ಯಾರೋನನ್ನು ಬಯ್ಯಲು ನನಗೆ ಮನಸ್ಸಿಲ್ಲ. ಕಾಗದದ ಆಮ್ಲವೇ ಶತ್ರು ಎಂದು ಜಗತ್ತಿಗೆ ಒತ್ತಿ ಹೇಳಿದವರಲ್ಲಿ ಅವನೂ ಒಬ್ಬ. ಆದರೆ ಇಷ್ಟೆಲ್ಲ ಗೊತ್ತಾದ ಮೇಲೂ ಕಾಪಿ ಅಂಗಡಿಯ ಲ್ಯಾಮಿನೇಷನ್ ಯಂತ್ರಕ್ಕೆ 260 ವರ್ಷದ ನಕ್ಷೆ ಕೊಡುವುದಕ್ಕೆ ಯಾವ ನೆಪವೂ ಇಲ್ಲ.

ಕಿಚಿನ್ ನಕ್ಷೆಯ ಸೆಲ್ಲೋಟೇಪ್ ಕೂಡ ಇದೇ ಜಾತಿಯ ಉಪಕಾರ. ಮಡಿಕೆಗಳಿರುವುದನ್ನು ನೋಡಿದರೆ ಅದು 1761ರಲ್ಲಿ 'ಲಂಡನ್ ಮ್ಯಾಗಝೀನ್' ಎಂಬ ಮಾಸಪತ್ರಿಕೆಯೊಳಗೆ ಮಡಿಸಿ ಕೊಟ್ಟ ನಕ್ಷೆ ಇರಬಹುದು. ಇಂಗ್ಲೆಂಡಿನ ಓದುಗರಿಗೆ ವಸಾಹತುಗಳ ಸುದ್ದಿ ತಿಳಿಯಲೆಂದು ಆಗಿನ ಪತ್ರಿಕೆಗಳು ಇಂಥವನ್ನು ಕೊಡುತ್ತಿದ್ದವು. ಹಾಗಾಗಿ ಇವು ಅಷ್ಟು ಅಪರೂಪವಲ್ಲ. ಟೇಪಿನ ಅಂಟು ಮೊದಲು ಜಿಡ್ಡಾಗಿ ಕಾಗದದೊಳಗೆ ಇಳಿಯುತ್ತದೆ, ಆಮೇಲೆ ಗಟ್ಟಿಯಾಗಿ ಕಂದು ಕಲೆಯಾಗಿ ನಿಲ್ಲುತ್ತದೆ. ನಿಮ್ಮ ಟೇಪ್ ಇನ್ನೂ ಜಿಗುಟಾಗಿದ್ದರೆ ಬೇಗ ತೆಗೆಸುವುದು ಒಳ್ಳೆಯದು. ಒಣಗಿ ತಾನೇ ಏಳುತ್ತಿದ್ದರೆ ಕಲೆ ಆಗಲೇ ಕೂತಿದೆ, ಅವಸರ ಬೇಡ. ಹೇರ್ ಡ್ರೈಯರ್ ಬಿಸಿ, ಉಗುರುಬಣ್ಣ ತೆಗೆಯುವ ದ್ರವ, ಕಿತ್ತಳೆ ಎಣ್ಣೆ ಎಂದು ಇಂಟರ್ನೆಟ್ಟಿನಲ್ಲಿ ಓದಿರುತ್ತೀರಿ. ಬಿಸಿಗೆ ಅಂಟು ಇನ್ನಷ್ಟು ಒಳಗಿಳಿಯುತ್ತದೆ, ದ್ರವ ಹಾಕಿದರೆ ಕಲೆ ಉಂಗುರದಂತೆ ಹರಡುತ್ತದೆ. ಸಂರಕ್ಷಕರು ಸಣ್ಣ ಬಿಸಿ ಚಮಚದಂಥ ಉಪಕರಣದಿಂದ ಪ್ಲಾಸ್ಟಿಕ್ ಎತ್ತಿ, ಉಳಿದ ಅಂಟನ್ನು ತಕ್ಕ ದ್ರಾವಕದಿಂದ, ಕೆಳಗಿನಿಂದ ಗಾಳಿ ಹೀರುವ ಮೇಜಿನ ಮೇಲೆ ತೆಗೆಯುತ್ತಾರೆ. ಹರಿದ ಜಾಗವನ್ನು ಜಪಾನಿ ಕಾಗದ, ಗೋಧಿ ಪಿಷ್ಟದ ಅಂಟಿನಿಂದ ಜೋಡಿಸುತ್ತಾರೆ. ನೀರು ತಾಗಿಸಿದರೆ ಅದು ಮತ್ತೆ ಬಿಡುತ್ತದೆ, ಅದೇ ಅದರ ಗುಣ.

ನಿಮ್ಮ ಮಾವನವರ ಸಲಹೆಯನ್ನು ನಗಾಡಿ ತಳ್ಳಬೇಡಿ. ತಾಳೆಗರಿಯ ಮಟ್ಟಿಗೆ ಅವರು ಹೇಳಿದ್ದು ನಿಜ. ಗರಿ ಒಣಗಿ ಮುರಿಯದಂತೆ ಎಣ್ಣೆ ಮೆತುವು ಕೊಡುತ್ತದೆ, ವಾಸನೆಗೆ ಹುಳ ದೂರವಿರುತ್ತದೆ. ನಮ್ಮ ಕಡೆಯ ಕಟ್ಟುಗಳು ಹಾಗೆಯೇ ಉಳಿದು ಬಂದಿವೆ. ಕಾಗದದ ಸ್ವಭಾವ ಬೇರೆ. ಅದು ಎಣ್ಣೆಯನ್ನು ಹೀರಿ ಪಾರದರ್ಶಕವಾಗುತ್ತದೆ, ಎಣ್ಣೆ ಒಳಗೇ ಹಳಸಿ ಕಂದಾಗುತ್ತದೆ, ಅದನ್ನು ತೆಗೆಯುವುದು ಬಹಳ ಕಷ್ಟ. ನುಸಿಗುಳಿಗೆಯೂ ಬೇಡ, ಅದರ ಆವಿ ಮನೆಯವರ ಆರೋಗ್ಯಕ್ಕೆ ಕೆಟ್ಟದ್ದು. ಅಲ್ಲಿ ನಿಮಗೆ ಕಾಟ ಕೊಡುವುದು ಸಿಲ್ವರ್‌ಫಿಶ್ ಹುಳ, ಅದಕ್ಕೆ ಬೇಕಾದದ್ದು ತೇವ. ತೇವ ತಡೆದರೆ ಹುಳವೂ ಕಡಿಮೆ, ಬೂಷ್ಟೂ ಕಡಿಮೆ, ತಾಮ್ರದ ಕೆಲಸವೂ ನಿಧಾನ.

ನ್ಯೂಜೆರ್ಸಿಯ ಮನೆಗಳಲ್ಲಿ ಬೇಸ್‌ಮೆಂಟ್ ಬೇಸಿಗೆಯಲ್ಲಿ ತೇವ, ಅಟ್ಟ ಕುಲುಮೆ. ಎರಡೂ ಕಡೆ ಇಡಬೇಡಿ. ನೀವು ಇರುವ ಮಹಡಿಯಲ್ಲೇ, ಹೊರಗೋಡೆಗೆ ತಾಗದ, ಮೇಲೆ ನೀರಿನ ಪೈಪ್ ಹಾದುಹೋಗದ ಒಂದು ಕ್ಲಾಸೆಟ್ ಸಾಕು. ತಾಪಮಾನ 21 ಡಿಗ್ರಿ ಸೆಲ್ಸಿಯಸ್‌ನ ಒಳಗೆ, ತೇವಾಂಶ ಶೇ. 30ರಿಂದ 50ರ ನಡುವೆ ಇದ್ದರೆ ಒಳ್ಳೆಯದು. ಸಣ್ಣ ತೇವಮಾಪಕವೊಂದನ್ನು ಪಕ್ಕದಲ್ಲಿಡಿ. ಸುರುಳಿ ಸುತ್ತಬೇಡಿ, ಮಡಿಸಬೇಡಿ. ಬಿಳಿ ಹತ್ತಿ ಕೈಗವಸು ಟೀವಿಯಲ್ಲಿ ಚೆನ್ನಾಗಿ ಕಾಣುತ್ತದೆ, ಅಷ್ಟೇ. ಬಟ್ಟೆಯ ನೂಲು ಹರಿದ ಅಂಚಿಗೆ ಸಿಕ್ಕಿಕೊಳ್ಳುತ್ತದೆ, ಬೆರಳಿಗೆ ಸ್ಪರ್ಶ ತಿಳಿಯುವುದಿಲ್ಲ. ಕೈ ತೊಳೆದು ಒರೆಸಿಕೊಂಡು ಮುಟ್ಟಿ.

ಫ್ರೇಮಿನ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಬೆಳಕಿನಿಂದ ಆಗುವ ಹಾನಿ ಕೂಡುತ್ತ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ವಸ್ತುಸಂಗ್ರಹಾಲಯಗಳು ಕಾಗದಕ್ಕೆ ಸಾಮಾನ್ಯವಾಗಿ 50 ಲಕ್ಸ್ (ಬೆಳಕಿನ ಅಳತೆಮಾನ) ಮಿತಿ ಇಟ್ಟುಕೊಳ್ಳುತ್ತವೆ. ಕಿಟಕಿಯಿರುವ ಹಾಲ್‌ನಲ್ಲಿ ಹಗಲು ಅದರ ಎಷ್ಟೋ ಪಟ್ಟು ಬೆಳಕಿರುತ್ತದೆ. ಯುವಿ (ನೇರಳಾತೀತ ಕಿರಣ) ತಡೆಯುವ ಗಾಜು ಅರ್ಧ ಕೆಲಸ ಮಾಡುತ್ತದೆ, ಕಣ್ಣಿಗೆ ಕಾಣುವ ಬೆಳಕೂ ಬಣ್ಣ ತಿನ್ನುತ್ತದೆ. ಕಿಚಿನ್ ನಕ್ಷೆಯನ್ನು ಟೇಪ್ ತೆಗೆಸಿದ ಮೇಲೆ ಫ್ರೇಮ್ ಮಾಡಿಸಬಹುದು. ಆಮ್ಲರಹಿತ ರಟ್ಟು, ಗಾಜು ಕಾಗದಕ್ಕೆ ತಾಗದಂತೆ ನಡುವೆ ಅಂತರ, ಜಪಾನಿ ಕಾಗದದ ಸಣ್ಣ ಕೀಲುಗಳು ಇರಲಿ, ರಟ್ಟಿಗೆ ಪೂರ್ತಿ ಅಂಟಿಸುವುದು ಮಾತ್ರ ಬೇಡ. ವರ್ಷಕ್ಕೆ ಮೂರ್ನಾಲ್ಕು ತಿಂಗಳು ಕಿಟಕಿಯಿಲ್ಲದ ಗೋಡೆಯಲ್ಲಿ, ಉಳಿದ ಕಾಲ ಕತ್ತಲಲ್ಲಿ. ಹೋಮನ್ ಮೂಲಪ್ರತಿ ಗೋಡೆಗೆ ಬೇಡವೇ ಬೇಡ. ಅದರ ಒಳ್ಳೆಯ ಡಿಜಿಟಲ್ ಪ್ರತಿಯನ್ನು ಹತ್ತಿಕಾಗದದ ಮೇಲೆ ಮುದ್ರಿಸಿ ತೂಗುಹಾಕಿ. ಬಂದ ನೆಂಟರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಅಲ್ಲಿಗೆ ಡಿಜಿಟಲ್ ವಿಷಯಕ್ಕೆ ಬಂದೆವು. ನಿಮ್ಮ ಗೆಳೆಯರು ಹೇಳಿದ ರೋಲರ್ ಸ್ಕ್ಯಾನರ್ ಹಾಳೆಯನ್ನು ಎಳೆದುಕೊಂಡು ಹೋಗುತ್ತದೆ. ಬಿರುಕುಬಿಟ್ಟ ಹೋಮನ್ ಹೊರಬರುವುದು ತುಂಡುಗಳಾಗಿ. ಫ್ಲ್ಯಾಟ್‌ಬೆಡ್ ಸ್ಕ್ಯಾನರ್ ಕಿಚಿನ್‌ಗೆ ಪರವಾಗಿಲ್ಲ, ಮುಚ್ಚಳ ಒತ್ತದಿದ್ದರೆ. ಹೋಮನ್ ನಕ್ಷೆಯನ್ನು ಮುಖ ಕೆಳಗೆ ಮಾಡಿ ಮಲಗಿಸುವುದೇ ಅಪಾಯ, ಅದಕ್ಕೆ ಮೇಲಿನಿಂದ ಕ್ಯಾಮೆರಾ ಬೇಕು.

ಇನ್ನೊಂದು ಪ್ರಶ್ನೆ ಯಾರೂ ಕೇಳಿಕೊಳ್ಳುವುದಿಲ್ಲ: ಏನನ್ನು ಹಿಡಿಯಲು ಸ್ಕ್ಯಾನ್ ಮಾಡುತ್ತಿದ್ದೇವೆ? ನಿಮ್ಮೆರಡೂ ಅಚ್ಚಾದ ನಕ್ಷೆಗಳು, ಅವುಗಳ ಅಣ್ಣತಮ್ಮಂದಿರು ಬೇರೆ ಕಡೆ ಇದ್ದಾರೆ. ಲೈಬ್ರರಿ ಆಫ್ ಕಾಂಗ್ರೆಸ್, ಬಾಸ್ಟನ್ ಸಾರ್ವಜನಿಕ ಗ್ರಂಥಾಲಯದ ಲೆವೆಂಥಾಲ್ ನಕ್ಷಾ ಕೇಂದ್ರ, ಪ್ರಾವಿಡೆನ್ಸ್‌ನ ಜಾನ್ ಕಾರ್ಟರ್ ಬ್ರೌನ್ ಗ್ರಂಥಾಲಯ, ಸ್ಟ್ಯಾನ್‌ಫರ್ಡ್‌ನ ಡೇವಿಡ್ ರಮ್ಸಿ ಸಂಗ್ರಹ, ಇವೆಲ್ಲ ಆ ಕಾಲದ ನಕ್ಷೆಗಳನ್ನು ಯಾರು ಬೇಕಾದರೂ ಹಿಗ್ಗಿಸಿ ನೋಡುವಂತೆ ಪುಕ್ಕಟೆ ಇಟ್ಟಿವೆ. ಊರಿನ ಹೆಸರು ಓದುವುದಷ್ಟೇ ಬೇಕಿದ್ದರೆ ಅಲ್ಲೇ ಓದಿ, ನಿಮ್ಮ ಕಾಗದಕ್ಕೆ ತೊಂದರೆ ಕೊಡಬೇಡಿ. ಬೇರೆಲ್ಲೂ ಸಿಗದ್ದು ನಿಮ್ಮ ಪ್ರತಿಯ ಚರಿತ್ರೆ: ಅದರ ಬಣ್ಣ, ಕಾಗದ, ಬೆನ್ನಿನ ಕೈಬರಹ, ಕಿಲುಬು ತಿಂದ ಆಕಾರ. ಅದಕ್ಕಾಗಿ ಬೆನ್ನನ್ನೂ ತೆಗೆಸಿ. ಪಕ್ಕದಿಂದ ಓರೆಬೆಳಕು ಬಿಟ್ಟು ಒಂದು ಚಿತ್ರ ತೆಗೆದರೆ ತಗಡು ಒತ್ತಿದ ಗುರುತು, ಮಡಿಕೆ, ಸುಕ್ಕು ಎಲ್ಲ ಎದ್ದು ಕಾಣುತ್ತವೆ. ರಿಪೇರಿಗೆ ಮುಂಚೆಯೇ ಈ ಚಿತ್ರಗಳು ಆಗಲಿ, ಟೇಪಿನ ಸಮೇತ. ಆಮೇಲೆ ಆ ಸ್ಥಿತಿ ಮತ್ತೆ ಸಿಗುವುದಿಲ್ಲ. ಗ್ರಂಥಾಲಯಗಳ ಪ್ರತಿಗಳ ಪಕ್ಕದಲ್ಲಿ ನಿಮ್ಮದನ್ನಿಟ್ಟು ನೋಡಿದರೆ ಹೆಸರುಗಳಲ್ಲಿ, ಪ್ರಕಾಶಕರ ಸಾಲಿನಲ್ಲಿ ವ್ಯತ್ಯಾಸ ಸಿಗಬಹುದು. ತಾಮ್ರದ ತಗಡನ್ನು ತಟ್ಟಿ ಸಪಾಟು ಮಾಡಿ ಮತ್ತೆ ಕೆತ್ತುತ್ತಿದ್ದರು. ಯಾವ ಕಾಲದ ಅಚ್ಚು ಎಂದು ತಿಳಿಯುವುದು ಅದರಿಂದ.

ಲೆಕ್ಕ ಹೀಗೆ. ಹೋಮನ್ ನಕ್ಷೆ ಸುಮಾರು 49 × 58 ಸೆಂಟಿಮೀಟರ್. ಇಂಚಿಗೆ 400 ಪಿಕ್ಸೆಲ್ ಇಟ್ಟರೆ ಸುಮಾರು 7,700 × 9,100, ಅಂದರೆ ಏಳು ಕೋಟಿ ಪಿಕ್ಸೆಲ್. ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 16 ಬಿಟ್ ಇಟ್ಟು, ಚಿತ್ರದ ವಿವರ ಕಳೆಯದ ಟಿಫ್ ಕಡತ ಮಾಡಿದರೆ 420 ಎಂಬಿ ಆಸುಪಾಸು. ನಿಮ್ಮಲ್ಲಿ 24 ಮೆಗಾಪಿಕ್ಸೆಲ್ ಕ್ಯಾಮೆರಾ ಇದ್ದರೆ ಒಂದೇ ಚಿತ್ರದಲ್ಲಿ ಇಂಚಿಗೆ 200ರಷ್ಟು ಪಿಕ್ಸೆಲ್ ಮಾತ್ರ ಬರುತ್ತದೆ. ಓದಲು ಸಾಕು, ಕೆತ್ತನೆಯ ಸೂಕ್ಷ್ಮ ಗೆರೆಗಳಿಗೆ ಸಾಲದು. ನಾಲ್ಕಾರು ಭಾಗಗಳಾಗಿ, ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ತೆಗೆದು ಜೋಡಿಸಬಹುದು. ಹಾಗೆ ಮಾಡುವಾಗ ನಕ್ಷೆಯನ್ನು ಜರುಗಿಸಬೇಡಿ, ಕ್ಯಾಮೆರಾ ಜರುಗಿಸಿ. ಎರಡು ಕಡೆಯಿಂದ 45 ಡಿಗ್ರಿಯಲ್ಲಿ ಸಮನಾದ ಎಲ್‌ಇಡಿ ಬೆಳಕು, ಚೌಕಟ್ಟಿನೊಳಗೆ ಬಣ್ಣದ ಪಟ್ಟಿ ಮತ್ತು ಅಳತೆಪಟ್ಟಿ ಇರಲಿ. ಬಣ್ಣದ ಪಟ್ಟಿ ಇಲ್ಲದ ಚಿತ್ರದಲ್ಲಿ ಮುಂದೆ ಹಸಿರು ಇನ್ನೂ ಕಂದಾಯಿತೇ, ಅಥವಾ ಬಲ್ಬಿನ ಕರಾಮತ್ತೇ ಎಂದು ಹೇಳಲಾಗುವುದಿಲ್ಲ. ಮೂಲ ಟಿಫ್ ಮುಟ್ಟದೆ ಇಟ್ಟು, ಹಂಚಲು ಜೆಪೆಗ್ ಮಾಡಿಕೊಳ್ಳಿ. ಪ್ರತಿಗಳು ಮೂರಿರಲಿ, ಒಂದಾದರೂ ಬೇರೆ ಊರಿನಲ್ಲಿರಲಿ. ಧಾರವಾಡದಲ್ಲಿದ್ದರೂ ಸರಿ.

ಇಷ್ಟಾದ ಮೇಲೆ ಆಸಕ್ತಿಯಿದ್ದರೆ ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ಹಳೇ ನಕ್ಷೆಯನ್ನು ಇಂದಿನ ಭೂಪಟದ ಮೇಲೆ ಕೂರಿಸಿ ನೋಡಬಹುದು. ನದೀಮುಖ, ಭೂಶಿರಗಳನ್ನು ಗುರುತುಬಿಂದು ಮಾಡಿಕೊಳ್ಳಿ. ಚೆಸಾಪೀಕ್ ಕೊಲ್ಲಿಯ ಹತ್ತಿರ ತಕ್ಕಮಟ್ಟಿಗೆ ಕೂರುತ್ತದೆ, ಒಳನಾಡಿಗೆ ಹೋದಂತೆ ರಬ್ಬರಿನ ಹಾಗೆ ಎಳೆಯುತ್ತದೆ. ಆ ಎಳೆತವನ್ನು ಸರಿಪಡಿಸಿದ ಚಿತ್ರವನ್ನೇ ಮೂಲವೆಂದು ಮಾತ್ರ ಇಟ್ಟುಕೊಳ್ಳಬೇಡಿ. ಕಾಪಿರೈಟ್ ಚಿಂತೆ ಬೇಡ. ನಕ್ಷೆಗಳ ಹಕ್ಕು ಎಂದೋ ಮುಗಿದಿದೆ. ಅಂಥ ಚಪ್ಪಟೆ ಚಿತ್ರವನ್ನು ಇದ್ದಂತೆ ಫೋಟೋ ತೆಗೆದ ಮಾತ್ರಕ್ಕೆ ಹೊಸ ಹಕ್ಕು ಹುಟ್ಟುವುದಿಲ್ಲವೆಂದು 1999ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ಹೇಳಿದೆ.

ಖರ್ಚಿಗೆ ಇಳಿಯುವ ಮುಂಚೆ ಹಾಳೆಗಳ ಬೆನ್ನು, ಅಂಚು ಒಮ್ಮೆ ನೋಡಿ. ಗ್ರಂಥಾಲಯದ ಮುದ್ರೆ, ಕೆರೆದು ಅಳಿಸಿದ ಜಾಗ, ಬ್ಲೇಡಿನಲ್ಲಿ ನೇರ ಕೊಯ್ದಂಥ ಅಂಚು ಕಂಡರೆ ವಿಚಾರಿಸಬೇಕು. 2005ರಲ್ಲಿ ಯೇಲ್ ವಿಶ್ವವಿದ್ಯಾಲಯದ ಬೈನೆಕಿ ಗ್ರಂಥಾಲಯದಲ್ಲಿ ನಕ್ಷೆ ವ್ಯಾಪಾರಿಯೊಬ್ಬ ಸಿಕ್ಕಿಬಿದ್ದ. ಬೇರೆ ಬೇರೆ ಗ್ರಂಥಾಲಯಗಳಿಂದ 97 ನಕ್ಷೆ ಕದ್ದದ್ದಾಗಿ ಆಮೇಲೆ ಒಪ್ಪಿಕೊಂಡ. ನಿಮ್ಮವು ಹಾಗಿರಬೇಕೆಂದಿಲ್ಲ. ಎಸ್ಟೇಟ್ ಸೇಲ್‌ನ ರಸೀದಿಯನ್ನು ಮಾತ್ರ ಜೋಪಾನವಾಗಿಡಿ.

ನಿಮಗೆ ಹತ್ತಿರದ್ದು ಫಿಲಡೆಲ್ಫಿಯಾದ ಕಲೆ ಮತ್ತು ಐತಿಹಾಸಿಕ ವಸ್ತುಗಳ ಸಂರಕ್ಷಣಾ ಕೇಂದ್ರ. ಮ್ಯಾಸಚೂಸೆಟ್ಸ್‌ನ ಆಂಡೋವರ್‌ನಲ್ಲಿ ಈಶಾನ್ಯ ದಾಖಲೆ ಸಂರಕ್ಷಣಾ ಕೇಂದ್ರವಿದೆ. ಎರಡರಲ್ಲೂ ರಿಪೇರಿ, ಛಾಯಾಗ್ರಹಣ ಒಂದೇ ಸೂರಿನಡಿ ಆಗುತ್ತದೆ. ಹೋಮನ್‌ನಂಥ ದುರ್ಬಲ ಹಾಳೆಗೆ ಓಡಾಟ ಕಡಿಮೆಯಾದಷ್ಟೂ ಒಳ್ಳೆಯದು. ಖಾಸಗಿಯಾಗಿ ಕೆಲಸ ಮಾಡುವವರನ್ನು ಅಮೆರಿಕನ್ ಇನ್‌ಸ್ಟಿಟ್ಯೂಟ್ ಫಾರ್ ಕನ್ಸರ್ವೇಷನ್‌ನ ಪಟ್ಟಿಯಲ್ಲಿ ಹುಡುಕಬಹುದು. ಯಾರ ಬಳಿ ಹೋದರೂ, ಏನೇನು ಮಾಡುತ್ತೀರಿ, ಯಾವುದನ್ನು ಮುಂದೆ ಬಿಡಿಸಬಹುದು, ಯಾವುದನ್ನು ಬಿಡಿಸಲಾಗದು ಎಂದು ಮೊದಲೇ ಬರವಣಿಗೆಯಲ್ಲಿ ಕೇಳಿ ತೆಗೆದುಕೊಳ್ಳಿ. ಹೊಸದರಂತೆ ಮಾಡಿಕೊಡುತ್ತೇವೆ ಅಂದವರಿಗೆ ನಮಸ್ಕಾರ ಹೇಳಿ ಬನ್ನಿ. ಹಣ ಒಂದು ನಕ್ಷೆಗೆ ಮಾತ್ರ ಸಾಕಾಗುವಂತಿದ್ದರೆ ಹೋಮನ್‌ಗೆ ಕೊಡಿ, ಕಿಚಿನ್ ಫೋಲ್ಡರಿನಲ್ಲಿ ಇನ್ನೂ ಒಂದೆರಡು ವರ್ಷ ಕಾಯಬಲ್ಲದು.